ತಗಡಿನ ಮಾಡಿನ ಬಿಸಿಗಾಳಿಯಲ್ಲಿ ಅಡಿಕೆ ಒಣಗಿಸಬಹುದಾ?

ಪ್ರಶ್ನೆ (ಸಾಗರ)
ಅಡಿಕೆ ಬೇಯಿಸಿ ಒಣಗಿಸುವ ಅಟ್ಟಕ್ಕೆ ಹಾಕುವ ಹೊತ್ತಿಗೇ ಮೋಡ ಕಟ್ಟುತ್ತದೆ. ಎರಡು ದಿನ ಬಿಸಿಲು ತಪ್ಪಿದರೆ ಬೂಷ್ಟು. ಸೌದೆ ಉರಿಸಿ ಉರಿಸಿ ಸಾಕಾಗಿದೆ. ಗೋದಾಮಿನ ತಗಡು ಮಾತ್ರ ಬಿಸಿಲು ಬಿದ್ದರೆ ಸಾಕು, ಮುಟ್ಟೋಕಾಗಲ್ಲ. ಆ ಬಿಸಿಯನ್ನು ಕಡಿಮೆ ಖರ್ಚಲ್ಲಿ ಕೆಳಗಿಳಿಸಬಹುದಾ?

ಉತ್ತರ (ಶಿರಸಿ)
ಖಂಡಿತ ಆಗುತ್ತದೆ. ನಮ್ಮಲ್ಲಿ ಹಾಗೇ ಮಾಡಿದ್ದೇವೆ. ತಗಡಿನ ಮೇಲೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ಒಳಗೆ ಪ್ಲೈವುಡ್ ಹೊಡೆಯಿರಿ, ಆದರೆ ರೀಪಿಗೆ (ತಗಡಿನಡಿಯ ಅಡ್ಡಪಟ್ಟಿ) ತಾಗಿಸಿ ಅಲ್ಲ, ಪಕಾಸಿನ (ಸೂರಿನಿಂದ ನೆತ್ತಿಗೆ ಹೋಗುವ ತೊಲೆ) ಕೆಳಗೆ. ರೀಪು ಅಡ್ಡ ಇರುತ್ತದೆ, ಗಾಳಿ ಅಲ್ಲೇ ನಿಂತುಬಿಡುತ್ತದೆ. ಪಕಾಸುಗಳ ನಡುವಿನ ಸಂದಿನಲ್ಲಾದರೆ ಸೂರಿನಿಂದ ನೆತ್ತಿಯವರೆಗೆ ಸಲೀಸಾಗಿ ಹತ್ತುತ್ತದೆ. ಸೂರಿನ ಬಾಯಿಗೆ ಇಲಿ ಜಾಲರಿ ಹಾಕಿ. ನೆತ್ತಿಯುದ್ದಕ್ಕೂ ಒಂದು ಹಲಗೆ ಪೆಟ್ಟಿಗೆ, ಅದರಿಂದ ಅಟ್ಟದ ಕೆಳಕ್ಕೆ ಒಂದು ಕೊಳವೆ, ನಡುವೆ 12 ಇಂಚಿನ ಎಕ್ಸಾಸ್ಟ್ ಫ್ಯಾನ್. ದಕ್ಷಿಣದ ಇಳಿಜಾರು ಸುಮಾರು 200 ಚದರಡಿ ಇದ್ದರೆ ಶುರು ಮಾಡಬಹುದು. ಮರದ ನೆರಳು ಬೀಳುವ ಮಾಡಾದರೆ ಕೈ ಹಾಕಬೇಡಿ.

ಗಾಳಿ ಸುಡುವಷ್ಟು ಕಾಯಬೇಕು ಅಂತ ಎಲ್ಲರೂ ಫ್ಯಾನ್ ನಿಧಾನ ಮಾಡುತ್ತಾರೆ. ಅದು ಬೇಡ. 25 ಡಿಗ್ರಿಯಲ್ಲಿ ಶೇ. 80 ತೇವಾಂಶ ಇರುವ ಗಾಳಿಯನ್ನು 37 ಡಿಗ್ರಿಗೆ ಏರಿಸಿದರೆ ತೇವಾಂಶ ಶೇ. 40ಕ್ಕೆ ಇಳಿಯುತ್ತದೆ. 12 ಡಿಗ್ರಿ ಏರಿದರೆ ಸಾಕು, ಗಾಳಿ ಮಾತ್ರ ಧಾರಾಳವಾಗಿ ಹರಿಯಬೇಕು. ತಗಡು ಜಾಸ್ತಿ ಕಾದಷ್ಟೂ ಬಿಸಿ ಹೊರಗೇ ಹೋಗುತ್ತದೆ.

ಪ್ರಶ್ನೆ (ತೀರ್ಥಹಳ್ಳಿ)
ತಗಡಿನ ಮೇಲೆ ಪಾಲಿಹೌಸ್ ಶೀಟ್ (ಬೆಳಕು ಹಾಯುವ ಪ್ಲಾಸ್ಟಿಕ್ ಹಾಳೆ) ಹಾಕಿದರೆ ಇನ್ನೂ ಬಿಸಿ ಸಿಗುತ್ತದೆ ಅಲ್ವಾ? ಮೋಡದ ದಿನ ಏನು ಗತಿ?

ಉತ್ತರ (ಶಿರಸಿ)
ಬಿಸಿ ಸಿಗುವುದು ನಿಜ. ಆದರೆ ನಮ್ಮ ಮಳೆಗಾಳಿಗೆ ಮಾಡಿನ ಮೇಲಿನ ಶೀಟ್ ತಡೆಯುವುದು ಕಷ್ಟ, ಅದರ ಕೆಳಗೆ ಕಸ, ಪಾಚಿ ಸೇರುತ್ತದೆ. ಬರೀ ತಗಡೇ ವಾಸಿ.

ದಟ್ಟ ಮೋಡವಿದ್ದರೆ ಎರಡು ಮೂರು ಡಿಗ್ರಿಗಿಂತ ಹೆಚ್ಚು ಏರಿಕೆ ನಿರೀಕ್ಷಿಸಬೇಡಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.67 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್, ಅಂದರೆ ಕಿಲೋವ್ಯಾಟ್-ಗಂಟೆ) ಶಾಖ ಬೇಕು, ಅದು ಎಲ್ಲಿಂದಲಾದರೂ ಬರಲೇಬೇಕು. ಹಾಗಾಗಿ ಅಂಥ ದಿನ ಹೊಸದಾಗಿ ಬೇಯಿಸಿದ್ದನ್ನು ಒಲೆ ಡ್ರೈಯರ್‌ಗೇ ಹಾಕಿ, ಅರ್ಧ ಒಣಗಿದ ಮೇಲೆ ಅಟ್ಟಕ್ಕೆ ತನ್ನಿ. ಸೌದೆ ಉಳಿಯುವುದು ಅಲ್ಲೇ.

ಸಂಜೆ ಫ್ಯಾನ್ ನಿಲ್ಲಿಸಿ ಕೊಳವೆ ಬಾಯಿ ಮುಚ್ಚುವುದನ್ನು ಮರೆಯಬೇಡಿ. ಆಕಾಶ ತಿಳಿಯಾಗಿದ್ದ ರಾತ್ರಿ ತಗಡು ಹೊರಗಿನ ಗಾಳಿಗಿಂತ ತಣ್ಣಗಾಗಿ, ಒಳಮೈಯಲ್ಲೂ ಹನಿ ಕಟ್ಟುತ್ತದೆ. ಬೆಳಿಗ್ಗೆ ಆ ಹನಿ ಆರುವ ತನಕ ಫ್ಯಾನ್ ಹಾಕಬೇಡಿ, ಇಲ್ಲದಿದ್ದರೆ ಆ ತೇವವೆಲ್ಲ ಅಡಿಕೆಗೇ.