ರೆಡ್ ಆಕ್ಸೈಡ್ ನೆಲಕ್ಕೆ ಅಂಟಿರುವ ವಿನೈಲ್ ಶೀಟ್ ತೆಗೆಯುವುದು ಹೇಗೆ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಅಜ್ಜಿಯ ಕಾಲದ ಮನೆಯಿದೆ. ನಡುಮನೆಗೆ ರೆಡ್ ಆಕ್ಸೈಡ್ ನೆಲ. ಹತ್ತು ವರ್ಷದ ಹಿಂದೆ ಅದರ ಮೇಲೆ ವಿನೈಲ್ ಶೀಟ್ ಅಂಟಿಸಿದ್ದೆವು. ಈಗ ಆ ಕೆಂಪು ನೆಲವೇ ಮತ್ತೆ ಬೇಕು ಅನ್ನಿಸಿದೆ. ಮೂಲೆಯಲ್ಲಿ ಉಳಿ ಹಾಕಿ ಎಬ್ಬಿಸಿದೆ, ಶೀಟಿನ ಜೊತೆ ಉಗುರಿನಷ್ಟು ಕೆಂಪು ಚಕ್ಕೆಯೂ ಎದ್ದು ಬಂತು. ತುಂಬಾ ಬೇಜಾರಾಯಿತು. ಅಂಟು ರಬ್ಬರಿನ ಹಾಗೆ ಎಳೆಯುತ್ತದೆ. ಪರಿಚಯದವರೊಬ್ಬರು ಆಸಿಡ್ ಹಾಕಿ ಅಂದರು. ಹಾಕಬಹುದಾ?

ಉತ್ತರ 1: ಆಸಿಡ್ ಬೇಡವೇ ಬೇಡ! ಅದು ರಬ್ಬರ್ ಅಂಟನ್ನು ಬಿಟ್ಟು ಸಿಮೆಂಟನ್ನು ತಿನ್ನುತ್ತದೆ. ಈ ನೆಲದ ಬಣ್ಣ, ಹೊಳಪು ಎಲ್ಲಾ ಮೇಲಿನ ತೆಳು ಪದರದಲ್ಲೇ ಇರುವುದು.

ಉಳಿಯನ್ನೂ ಬಿಡಿ. ಹೇರ್ ಡ್ರೈಯರ್ ತಗೊಂಡು ಒಂದು ಅಡಿ ಜಾಗವನ್ನು ಎರಡು ಮೂರು ನಿಮಿಷ ಬಿಸಿ ಮಾಡಿ, ಅಂಟು ಮೆತ್ತಗಾಗುತ್ತದೆ. ಆಮೇಲೆ ಶೀಟನ್ನು ಮೇಲಕ್ಕೆ ಎತ್ತಬೇಡಿ. ಚಕ್ಕೆ ಏಳುವುದೇ ಹಾಗೆ ಎತ್ತಿದಾಗ. ಶೀಟನ್ನು ಹಿಂದಕ್ಕೆ ಮಡಚಿ, ನೆಲಕ್ಕೆ ಒತ್ತಿಕೊಂಡ ಹಾಗೆ ನಿಧಾನಕ್ಕೆ ಎಳೆಯಿರಿ. ಬಿಗಿ ಅನ್ನಿಸಿದರೆ ನಿಲ್ಲಿಸಿ, ಮತ್ತೆ ಬಿಸಿ ಕೊಡಿ. ಒಂದು ಕೋಣೆಗೆ ಎರಡು ದಿನ ಹಿಡಿದರೂ ಪರವಾಗಿಲ್ಲ.

ಉತ್ತರ 2: ಶೀಟನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸುವ ಆಸೆ ಬರುತ್ತದೆ ಅಲ್ವಾ? ನೆಲದ ಮೇಲೆ ಇಟ್ಟು ಬ್ಲೇಡ್ ಎಳೆಯಬೇಡಿ. ಆ ಗೀರು ಆಮೇಲೆ ಹೋಗುವುದಿಲ್ಲ. ಎದ್ದು ಬಂದ ಭಾಗವನ್ನು ಮಾತ್ರ ಕತ್ತರಿಯಿಂದ ಕತ್ತರಿಸಿ.

ಉಳಿದ ಅಂಟಿಗೆ ಬಟ್ಟೆಯಲ್ಲಿ ಥಿನ್ನರ್ ಅದ್ದಿ ಐದು ನಿಮಿಷ ಮುಚ್ಚಿಡಿ. ಹಳೇ ಎಟಿಎಂ ಕಾರ್ಡಿನಿಂದ ಕೆರೆದರೆ ಸುರುಳಿ ಸುರುಳಿಯಾಗಿ ಬರುತ್ತದೆ. ಕೆಂಪು ಬಣ್ಣ ಕಬ್ಬಿಣದ ಆಕ್ಸೈಡ್, ಥಿನ್ನರಿಗೆ ಕರಗುವುದಿಲ್ಲ. ಹಳೇ ಮೇಣದ ಪಾಲಿಶ್ ಮಾತ್ರ ಹೋಗುತ್ತದೆ. ಆದರೂ ಮೊದಲು ಬಾಗಿಲ ಹಿಂದೆ ಸ್ವಲ್ಪ ಜಾಗದಲ್ಲಿ ಮಾಡಿ ನೋಡಿ. ಕಿಟಕಿ ತೆರೆದಿರಲಿ, ಗ್ಯಾಸ್ ಒಲೆ, ದೇವರ ದೀಪ ಆರಿರಲಿ. ಥಿನ್ನರ್ ಬೇಗ ಹೊತ್ತಿಕೊಳ್ಳುತ್ತದೆ, ಅದರ ಹತ್ತಿರ ಹೇರ್ ಡ್ರೈಯರ್ ಕೂಡ ಬೇಡ.

ಪ್ರಶ್ನೆ ಕೇಳಿದವರು: ಅರ್ಧ ಕೋಣೆ ಮುಗಿಯಿತು, ಒಂದು ಚಕ್ಕೆಯೂ ಏಳಲಿಲ್ಲ! ಅಜ್ಜಿ ಒರೆಸುತ್ತಿದ್ದ ನೆಲ ಮತ್ತೆ ಕಂಡಿತು. ಹೊಳಪಿಗೆ ತೆಂಗಿನೆಣ್ಣೆ ಹಚ್ಚಲಾ?

ಉತ್ತರ 1: ತುಂಬಾ ಸಂತೋಷ. ಎಣ್ಣೆ ಈಗಲೇ ಬೇಡ. ಎಣ್ಣೆ ಕುಡಿದ ಜಾಗಕ್ಕೆ ಸಿಮೆಂಟ್ ಹಿಡಿಯುವುದಿಲ್ಲ. ಮೊದಲು ಆ ಚಕ್ಕೆ ಎದ್ದ ಜಾಗಕ್ಕೆ ಸಿಮೆಂಟ್, ರೆಡ್ ಆಕ್ಸೈಡ್ ಪುಡಿ ಕಲಸಿ ತುಂಬಿ. ಹಸಿಯಿದ್ದಾಗ ಬಣ್ಣ ಗಾಢವಾಗಿ ಕಾಣುತ್ತದೆ. ಹಾಗಾಗಿ ಹಲಗೆ ಚೂರಿನ ಮೇಲೆ ಸ್ವಲ್ಪ ಹಚ್ಚಿ, ಪೂರ್ತಿ ಒಣಗಿದ ಮೇಲೆ ನೆಲದ ಪಕ್ಕ ಇಟ್ಟು ಬಣ್ಣ ಹೋಲಿಸಿ ನೋಡಿ.