ತ್ರೀ ನಾಟ್ ತ್ರೀ: ನೆಕ್ ಸೈಜಿಂಗ್ ಡೈ ಹಾಕಿದರೂ ಕೇಸ್ ಬುಲೆಟ್ ಹಿಡಿಯುತ್ತಿಲ್ಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಧಾರವಾಡ ಸಾಧನಕೇರಿಯವನು, ಕೆಲಸದ ಸಲುವಾಗಿ ಟೆಕ್ಸಾಸ್‌ನಲ್ಲಿದ್ದೇನೆ. ಹೋದ ವರ್ಷ ಇಲ್ಲಿ ಒಂದು ಹಳೇ ಲೀ-ಎನ್‌ಫೀಲ್ಡ್ ರೈಫಲ್ ಕೊಂಡೆ. 1942ರಲ್ಲಿ ಇಶಾಪುರದಲ್ಲಿ ತಯಾರಾದದ್ದು. ಚಿಕ್ಕವನಿದ್ದಾಗ ಪೊಲೀಸರ ಹೆಗಲ ಮೇಲೆ ನೋಡುತ್ತಿದ್ದ ಅದೇ ತ್ರೀ ನಾಟ್ ತ್ರೀ.

ಗುಂಡು ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಕೇಸ್‌ಗಳನ್ನು ಮತ್ತೆ ಬಳಸಲು ಕಾಲೆಟ್ ಮಾದರಿಯ ನೆಕ್ ಸೈಜಿಂಗ್ ಡೈ ತಂದೆ. ಪ್ರೆಸ್ಸಿನ ಲಿವರ್ ಒತ್ತಿದಾಗ ಇದರೊಳಗಿನ ಸೀಳಿದ ಕೊಳವೆ (ಕಾಲೆಟ್) ಕೇಸಿನ ಕೊರಳನ್ನು ಸುತ್ತಲಿಂದ ಒತ್ತಿ ಮತ್ತೆ ಕಿರಿದು ಮಾಡುತ್ತದೆ. ಕೆಲವು ಕೇಸ್‌ನಲ್ಲಿ ಬುಲೆಟ್ ಗಟ್ಟಿಯಾಗಿ ಕೂರುತ್ತದೆ. ಇನ್ನು ಕೆಲವದರಲ್ಲಿ ಬೆರಳಿನಿಂದ ತಿರುಗಿಸಿದರೂ ತಿರುಗುತ್ತದೆ. ಡೈ ಇನ್ನೂ ಕೆಳಗಿಳಿಸಿ ಲಿವರ್ ಜೋರಾಗಿ ಒತ್ತಿದೆ, ಮೇಲಿನ ಅಲ್ಯೂಮಿನಿಯಂ ಕ್ಯಾಪಿನ ಥ್ರೆಡ್ ಕಿತ್ತು ಬಂತು. ಕೇಸ್‌ಗಳು ಐದಾರು ಸಲ ಹಾರಿದವು. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ:
ನಮಸ್ಕಾರ ರೀ. ನಾನು ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ಲೇತ್ ಇಟ್ಟಿದ್ದೇನೆ. ಅಮೆರಿಕದಲ್ಲಿದ್ದ ಒಂಬತ್ತು ವರ್ಷ ನನಗೂ ಇದೇ ಹುಚ್ಚು. ಊರಿಗೆ ಬಂದ ಮೇಲೆ ಬಿಟ್ಟೆ. ನಮ್ಮಲ್ಲಿ 1959ರ ಆರ್ಮ್ಸ್ ಆಕ್ಟ್ ಇದೆ, ಲೈಸೆನ್ಸ್ ಇಲ್ಲದೆ ಕಾರ್ಟ್ರಿಡ್ಜ್ ತಯಾರಿಸುವಂತಿಲ್ಲ. ಊರಿನಿಂದ ಓದುತ್ತಿರುವವರು ದಯವಿಟ್ಟು ಇದಕ್ಕೆ ಕೈ ಹಾಕಬೇಡಿ.

ಕ್ಯಾಪ್ ಹೋಗಿದ್ದಕ್ಕೆ ಬೇಸರ ಬೇಡ. ಪ್ರೆಸ್ ಮುರಿಯೋ ಬದಲು ಅದು ಹೋಗಲಿ ಅಂತಲೇ ಮೆತ್ತಗಿನ ಲೋಹದಲ್ಲಿ ಮಾಡಿರುತ್ತಾರೆ. ಹೊಸದು ಹಾಕಿ. ಆಮೇಲೆ ಪ್ರೆಸ್ಸಿನಲ್ಲಿ ಕೇಸನ್ನು ಮೇಲೆತ್ತುವ ದಂಡ, ಅಂದರೆ ರ‍್ಯಾಮ್ ಪೂರ್ತಿ ಮೇಲೆತ್ತಿ, ಅದರ ತುದಿಯಲ್ಲಿ ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರ್‌ಗೆ ತಾಗುವವರೆಗೆ ಡೈ ತಿರುಗಿಸಿ. ರ‍್ಯಾಮ್ ಇಳಿಸಿ ಇನ್ನೆರಡು ಸುತ್ತು ಕೊಡಿ. ಲಿವರ್ ಮೇಲೆ ಸುಮಾರು 11 ಕಿಲೋ ಭಾರ ಬಿದ್ದರೆ ಸಾಕು. ಕೇಸಿನ ಕೊರಳ ಮೇಲೆ ನಾಲ್ಕು ತೆಳು ಗೆರೆ ಮೂಡಿದ್ದರೆ ಕಾಲೆಟ್ ಸರಿಯಾಗಿ ಹಿಡಿದಿದೆ ಅಂತ ತಿಳಿಯಿರಿ.

ಒಂದು ಮಾತು. ಕೇಸ್ ಇಡದೆ ಖಾಲಿ ಡೈ ಮೇಲೆ ಲಿವರ್ ಒತ್ತಿದ್ದೀರಾ? ಹಾಗೆ ಒತ್ತಿದರೆ ಕಾಲೆಟ್ ಮುಚ್ಚಿಕೊಂಡು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಚ್ಚಿ ನೋಡಿ. ಕಾಲೆಟ್‌ನ ಇಳಿಜಾರು ಮುಖವನ್ನು 600 ನಂಬರ್ ಎಮರಿಯಿಂದ ಉಜ್ಜಿ, ಸ್ವಲ್ಪ ಗ್ರೀಸ್ ಹಚ್ಚಿ.

ಆದರೆ ನಿಮ್ಮ ನಿಜವಾದ ತೊಂದರೆ ಡೈನಲ್ಲಿ ಇಲ್ಲ, ಹಿತ್ತಾಳೆಯಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ಐದಾರು ಸಲ ಹಿಗ್ಗಿ ಕುಗ್ಗಿದ ಕೊರಳು ಗಡಸಾಗುತ್ತದೆ. ಡೈ ಎಷ್ಟು ಒತ್ತಿದರೂ ಬಿಟ್ಟ ಕೂಡಲೇ ಸ್ಪ್ರಿಂಗ್ ಥರ ಹಿಂದಕ್ಕೆ ತೆರೆದುಕೊಳ್ಳುತ್ತದೆ. ಹುಬ್ಬಳ್ಳಿಯ ಕಂಚಗಾರ ಗಲ್ಲಿಯಲ್ಲಿ ಕೊಡ ಬಡಿಯೋದನ್ನು ನೋಡಿದ್ದೀರಲ್ವಾ? ಬಡಿದು ಬಡಿದು ಗಡಸಾದಾಗ ಒಮ್ಮೆ ಕಾಯಿಸಿಕೊಂಡು ಮತ್ತೆ ಬಡಿಯುತ್ತಾರೆ. ಇಲ್ಲದಿದ್ದರೆ ತಗಡು ಸೀಳುತ್ತದೆ. ಇಲ್ಲೂ ಅದೇ.

ಬುಡದ ಪ್ರೈಮರ್ (ಕಿಡಿ ಹೊತ್ತಿಸುವ ಸಣ್ಣ ಬಟ್ಟಲು) ತೆಗೆದ ಖಾಲಿ ಕೇಸ್‌ಗಳನ್ನು ತಟ್ಟೆ ನೀರಿನಲ್ಲಿ ನಿಲ್ಲಿಸಿ, ಅರ್ಧ ಮುಳುಗಿರಲಿ. ಕೊರಳಿಗೆ ಮಾತ್ರ ಟಾರ್ಚ್ ಬೆಂಕಿ ಹಿಡಿಯಿರಿ. ಬಣ್ಣ ಬದಲಾದ ತಕ್ಷಣ ಕೇಸನ್ನು ನೀರಿಗೆ ಬೀಳಿಸಿ. ಕೆಂಪಗೆ ಹೊಳೆಯುವವರೆಗೆ ಕಾಯಬೇಡಿ, ಕೊರಳು ತೀರಾ ಮೆತ್ತಗಾಗುತ್ತದೆ. ಉಕ್ಕಿನ ಹಾಗೆ ಹಿತ್ತಾಳೆ ನೀರಿಗೆ ಬಿದ್ದು ಗಡಸಾಗುವುದಿಲ್ಲ, ನೀರು ಬರೀ ಕಾವು ಕೆಳಗಿಳಿಯದಂತೆ ತಡೆಯುತ್ತದೆ. ಬುಡಕ್ಕೆ ಕಾವು ತಾಗಲೇಬಾರದು. ಬುಡ ಮೆತ್ತಗಾದ ಕೇಸ್ ನಿಮ್ಮ ಮುಖದ ಮುಂದೆ ಒಡೆಯುತ್ತದೆ.

ಇನ್ನೊಂದು: ಬುಲೆಟ್ 0.311 ಇಂಚಿನದೇ ತಾನೆ? ಹೆಸರು 303 ಇದೆ ಅಂತ 0.308ರದ್ದು ತಂದರೆ ಸಡಿಲವೇ ಆಗುತ್ತದೆ.

ಪ್ರಶ್ನೆ ಕೇಳಿದವರು:
ಬುಲೆಟ್ 0.311, ಅದು ಸರಿ ಇದೆ. ಕಾಲೆಟ್ ನಿಜವಾಗಿಯೂ ಸಿಕ್ಕಿಕೊಂಡಿತ್ತು. ಬಿಡಿಸಿ ಪಾಲಿಶ್ ಮಾಡಿದೆ, ಕೊರಳನ್ನೂ ಕಾಯಿಸಿದೆ. ಈಗ ನಲವತ್ತರಲ್ಲಿ ಮೂವತ್ತನಾಲ್ಕು ಗಟ್ಟಿ ಹಿಡಿಯುತ್ತಿವೆ. ಆರು ಇನ್ನೂ ಸಡಿಲ.

ಉತ್ತರ:
ಭಾಳ ಚಲೋ ಆಯ್ತು. ಆ ಆರು ಬೇರೆ ಕಂಪನಿಯವಾ ನೋಡಿ. ಕೊರಳಿನ ದಪ್ಪ ಬೇರೆಯಾದರೆ ಹಿಂದಕ್ಕೆ ತೆರೆದುಕೊಳ್ಳುವ ಅಳತೆಯೂ ಬೇರೆ. ಅವನ್ನು ಪಕ್ಕಕ್ಕಿಡಿ. ಎಲ್ಲವೂ ಸಡಿಲ ಇದ್ದಿದ್ದರೆ ಮಾತ್ರ ಮ್ಯಾಂಡ್ರಿಲ್ (ಒತ್ತುವಾಗ ಕೊರಳಿನ ಒಳಗಿರುವ ಕಡ್ಡಿ) ಮುಟ್ಟಬೇಕಿತ್ತು. ಡ್ರಿಲ್ ಚಕ್‌ಗೆ ಕಚ್ಚಿಸಿ, ಎಣ್ಣೆ ಹಾಕಿದ ಎಮರಿಯಿಂದ ಒಂದು ಥೌ (ಇಂಚಿನ ಸಾವಿರದಲ್ಲೊಂದು ಭಾಗ) ಇಳಿಸಿದರೆ ಸಾಕು. ಅಳೆಯಲು ಮೈಕ್ರೋಮೀಟರ್ ಬೇಕು, ಇಷ್ಟು ಸಣ್ಣ ಅಳತೆಗೆ ನಾನು ವರ್ನಿಯರ್ ನಂಬುವುದಿಲ್ಲ.

ಈಗ ಇದನ್ನು ಮರೆಯದೆ ಮಾಡಿ. ಸಣ್ಣ ತಂತಿಯ ತುದಿ ಬಗ್ಗಿಸಿ, ಕೇಸಿನ ಒಳಗೆ ಬುಡದಿಂದ ಮೇಲಕ್ಕೆ ಗೀರುತ್ತಾ ಬನ್ನಿ. ಬುಡದ ಸ್ವಲ್ಪ ಮೇಲೆ ತಂತಿ ತಗ್ಗಿಗೆ ಬಿದ್ದಂತೆ ಸಿಕ್ಕಿಕೊಂಡರೆ ಆ ಕೇಸ್ ಎಸೆದುಬಿಡಿ. ಹೊರಗಡೆ ಅಲ್ಲೊಂದು ಹೊಳಪಿನ ಉಂಗುರ ಕಂಡರೂ ಹಾಗೇ. ಈ ರೈಫಲ್‌ಗಳ ಚೇಂಬರ್ (ಕಾರ್ಟ್ರಿಡ್ಜ್ ಕೂರುವ ಗೂಡು) ದೊಡ್ಡದು, ಬೋಲ್ಟ್ ಲಾಕ್ ಆಗೋದು ಹಿಂದುಗಡೆ, ಹಾಗಾಗಿ ಹಾರಿಸಿದಾಗ ಕೇಸ್ ಜಾಸ್ತಿ ಹಿಗ್ಗುತ್ತದೆ. ನೆಕ್ ಸೈಜಿಂಗ್ ಮಾಡೋದೇ ಅದಕ್ಕೆ. ನಿಮ್ಮ ಚೇಂಬರ್ ಅಳತೆಗೆ ಹಿಗ್ಗಿದ ಮೈಯನ್ನು ಮುಟ್ಟದೆ ಬಿಟ್ಟರೆ ಕೇಸ್ ಬಾಳಿಕೆ ಬರುತ್ತದೆ. ಆ ಕೇಸ್‌ಗಳನ್ನು ಮಾತ್ರ ಬೇರೆ ರೈಫಲ್‌ಗೆ ಹಾಕಬೇಡಿ.

ಪ್ರಶ್ನೆ ಕೇಳಿದವರು:
ಅಣ್ಣಾರ, ಈಗಷ್ಟೇ ನೋಡಿದೆ. ಎರಡು ಕೇಸ್‌ನಲ್ಲಿ ತಂತಿ ಸಿಕ್ಕಿಕೊಂಡಿತು, ಗರಗಸದಿಂದ ಉದ್ದಕ್ಕೆ ಸೀಳಿದೆ. ಒಳಗೆ ಗೋಡೆ ಕಾಗದದಷ್ಟು ತೆಳ್ಳಗಾಗಿತ್ತು. ಫೋಟೋ ಹಾಕುತ್ತಿದ್ದೇನೆ.