ನವಜಾತ ಶಿಶುಗಳ ಸೆಪ್ಸಿಸ್‌: ಪ್ರೋಟೀನನ್ನು ಮಾರ್ಪಡಿಸಿ ಔಷಧ ಮಾಡಬಹುದೇ?

ಸುಮಾ: ನಾನು ಜೀವರಸಾಯನ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ. ಸೋಂಕಿಗೆ ದೇಹ ಅತಿಯಾಗಿ ಪ್ರತಿಕ್ರಿಯಿಸಿ ಅಂಗಾಂಗಗಳಿಗೇ ಹಾನಿಯಾಗುವ ಸ್ಥಿತಿಯಾದ ಸೆಪ್ಸಿಸ್‌ಗೆಂದು ಬಳಕೆಯಲ್ಲಿದ್ದ ಆಕ್ಟಿವೇಟೆಡ್ ಪ್ರೋಟೀನ್ ಸಿ ಔಷಧವನ್ನು 2011ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಹಾಗಿದ್ದೂ ಅದೇ ಪ್ರೋಟೀನಿನ ಕೆಲವು ಅಮೈನೋ ಆಮ್ಲಗಳನ್ನು ಬದಲಾಯಿಸಿ ಮತ್ತೆ ಪರೀಕ್ಷಿಸಿದ್ದೇಕೆ? ಅದು ಎಳೆಯ ಮಕ್ಕಳಿಗೆ ನೆರವಾದೀತೆಂಬುದಕ್ಕೆ ಆಧಾರವಿದೆಯೇ?

ರಾಘವೇಂದ್ರ: ಆಧಾರವಿದೆ, ಆದರೆ ಸೆಪ್ಸಿಸ್‌ನ ಮಟ್ಟಿಗೆ ಅದು ಇಲಿಗಳಲ್ಲಿ ಕಂಡ ಆಧಾರ. ಈ ಪ್ರೋಟೀನ್ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಐದನೆಯ ಮತ್ತು ಎಂಟನೆಯ ಫ್ಯಾಕ್ಟರ್‌ಗಳನ್ನು ಅದು ಕತ್ತರಿಸಿ ಹಾಕುತ್ತದೆ. ಜೊತೆಗೆ, ರಕ್ತನಾಳದ ಒಳಪದರದ ಜೀವಕೋಶಗಳ ಮೇಲಿರುವ ಪಾರ್-1 ಗ್ರಾಹಕದ ಮೂಲಕ ಆ ಕೋಶಗಳು ಸಾಯದಂತೆ, ನಾಳಗಳು ಸೋರದಂತೆ ಕಾಯುತ್ತದೆ. ಐದನೆಯ ಫ್ಯಾಕ್ಟರನ್ನು ಹಿಡಿಯಲು ಬೇಕಾದ ಮೂರು ಲೈಸೀನ್ ಮತ್ತು ಎರಡು ಅರ್ಜಿನೀನ್‌ಗಳ ಜಾಗದಲ್ಲಿ ಅಲನೀನ್ ಎಂಬ ಬೇರೊಂದು ಅಮೈನೋ ಆಮ್ಲವನ್ನು ಕೂರಿಸಿದರೆ ಮೊದಲನೆಯ ಕೆಲಸ ಬಹುಪಾಲು ನಿಂತುಹೋಗುತ್ತದೆ, ಎರಡನೆಯದು ಉಳಿಯುತ್ತದೆ. ಹೀಗೆ ಮಾರ್ಪಡಿಸಿದ ಪ್ರೋಟೀನ್ ಇಲಿಗಳ ಸಾವನ್ನು ಮೂಲ ಪ್ರೋಟೀನಿನಷ್ಟೇ ತಗ್ಗಿಸಿತೆಂದು 2007ರಲ್ಲಿ ಪ್ರಕಟವಾಯಿತು. ಅಂದರೆ ಇಲಿಗಳಲ್ಲಿ ಪ್ರಾಣ ಉಳಿಸಿದ್ದು ರಕ್ತವನ್ನು ತೆಳುವಾಗಿಸುವ ಗುಣವಲ್ಲ. ನನ್ನ ಮಟ್ಟಿಗೆ ಈ ಸಂಶೋಧನೆಯ ನಿಜವಾದ ಫಲ ಇದೇ.

ಡಾ. ವೀಣಾ, ನವಜಾತ ಶಿಶು ವಿಭಾಗ: ರಾಘವೇಂದ್ರ ಅವರ ವಿವರಣೆಗೆ ಚಿಕಿತ್ಸಕರ ಕಡೆಯ ಒಂದು ಮಾತು ಸೇರಿಸುತ್ತೇನೆ. ಮೂಲ ಔಷಧವನ್ನು 477 ಮಕ್ಕಳಲ್ಲಿ ಪರೀಕ್ಷಿಸಿದಾಗ ಪ್ರಯೋಜನ ಕಾಣಲಿಲ್ಲ. ಬದಲಿಗೆ ಮಿದುಳಿನ ರಕ್ತಸ್ರಾವ ಹೆಚ್ಚಾಗಿ ಕಂಡಿತು, ಅದರಲ್ಲೂ 60 ದಿನಕ್ಕಿಂತ ಚಿಕ್ಕ ಶಿಶುಗಳಲ್ಲಿ. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಮಿದುಳಿನ ನಾಳಗಳು ಮೊದಲೇ ಬಲಹೀನವಾಗಿರುವುದರಿಂದ, ರಕ್ತಸ್ರಾವದ ಗುಣವನ್ನು ತೆಗೆದುಹಾಕಿದ ಪ್ರೋಟೀನ್ ನಮಗೆ ಸಹಜವಾಗಿಯೇ ಆಸೆ ಹುಟ್ಟಿಸುತ್ತದೆ. ಆದರೆ ಬೆಳೆದ ಇಲಿಯಲ್ಲಿ ಕಂಡದ್ದು ಎರಡು ದಿನದ ಕೂಸಿನಲ್ಲಿಯೂ ನಡೆದೀತೆಂದು ನಾನು ನಂಬಲಾರೆ. ನಮ್ಮ ವಾರ್ಡಿನಲ್ಲಿ ಇಂದಿಗೂ ಮೊದಲ ಪ್ರಶ್ನೆ, ಅಸಿನೆಟೊಬ್ಯಾಕ್ಟರ್ ಅಥವಾ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾಗೆ ಯಾವ ಆಂಟಿಬಯಾಟಿಕ್ ಇನ್ನೂ ಕೆಲಸ ಮಾಡುತ್ತದೆ ಎಂಬುದು.

ಸುಮಾ: ಧನ್ಯವಾದಗಳು, ಡಾಕ್ಟರೇ. ಹಾಗಾದರೆ ನವಜಾತ ಶಿಶುವಿನ ದೇಹದಿಂದಲೇ ಹೊರಟ ಸಂಶೋಧನೆ ಯಾವುದಾದರೂ ಇದೆಯೇ?

ರಾಘವೇಂದ್ರ: ಇದೆ. ಸೋಂಕಿನ ಸಮಯದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ತಮ್ಮ ಡಿಎನ್‌ಎಯನ್ನೇ ಬಲೆಯಾಗಿ ಹೊರಚೆಲ್ಲುತ್ತವೆ. ಅದಕ್ಕೆ ಮುನ್ನ ಪ್ಯಾಡ್-4 ಕಿಣ್ವವು ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನಿನ ಅರ್ಜಿನೀನನ್ನು ಸಿಟ್ರುಲೀನ್ ಆಗಿ ಮಾರ್ಪಡಿಸುತ್ತದೆ. ಈ ಬಲೆ ಅತಿಯಾದರೆ ಅಂಗಾಂಗಗಳಿಗೇ ಹಾನಿ. ಹೊಕ್ಕುಳಬಳ್ಳಿಯ ರಕ್ತದಲ್ಲಿರುವ, ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನಿನ ಒಂದು ತುಣುಕು ಈ ಕ್ರಿಯೆಯನ್ನು ತಡೆಯುತ್ತದೆಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ತಂಡ 2016ರಲ್ಲಿ ವರದಿ ಮಾಡಿತು. ಅದನ್ನು ಕೊಟ್ಟ ಸೆಪ್ಸಿಸ್ ಪೀಡಿತ ಇಲಿಗಳು ಹೆಚ್ಚು ಸಂಖ್ಯೆಯಲ್ಲಿ ಬದುಕಿದವು.

ಡಾ. ವೀಣಾ: ಬಲೆ ತಡೆದರೆ ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳುವುದಿಲ್ಲವೇ ಎಂಬುದು ನನ್ನ ಆತಂಕ. ಕಣಗಳು ಬ್ಯಾಕ್ಟೀರಿಯಾವನ್ನು ನುಂಗುವ ಶಕ್ತಿ ಉಳಿದಿತ್ತೆಂದು ಆ ವರದಿಯೇ ಹೇಳುತ್ತದೆ. ಆದರೂ ಇಂಥದ್ದನ್ನು ಆಂಟಿಬಯಾಟಿಕ್ ಜೊತೆಗಲ್ಲದೆ ಒಂಟಿಯಾಗಿ ಕೊಡಲು ನಾನಂತೂ ಒಪ್ಪುವುದಿಲ್ಲ.